ನಡುಹಲಗೆ

ಮ್ಯಾಪು ಬಿಚ್ಚಿದರೆ ಅಡುಗೆಮನೆಯ ಮೇಜು ಸಾಲದು.
ಮಿಷಿಗನ್ ಅಂಚಿನಿಂದ ಕೆಳಗೆ ಜೋತುಬೀಳುತ್ತದೆ,
ನಾಯಿ ಬಂದು ಮೂಸಿ ಹೋಗುತ್ತದೆ.
ಮೊಂಟಾನದ ಮೇಲೆ ಸಕ್ಕರೆ ಡಬ್ಬಿ,
ವಿಸ್ಕಾನ್ಸಿನ್ ಮೇಲೆ ಐಡೆಲ್ಲಳ ಕನ್ನಡಕ.
ಹೊರಗೆ ಮಾರ್ಚಿನ ಗಾಳಿ
ಹಾರ್ಲೋಟನ್ನಿನ ತಗಡುಗಳನ್ನೆಲ್ಲ ಒಂದೊಂದಾಗಿ ಮಾತಾಡಿಸುತ್ತಿದೆ.

ಒಂದೇ ರಸ್ತೆ ನೋಡಿ, ನಂಬರು ಹನ್ನೆರಡು.
ನಮ್ಮ ಅಂಚೆಡಬ್ಬಿಯ ಮುಂದೆ ಹಾದದ್ದು
ಹುಲ್ಲು, ಹೊಳೆ, ಶಿಕಾಗೋ ಎಲ್ಲ ದಾಟಿ
ವೈಟ್ ಪಿಜನ್ ಎಂಬ ಊರಲ್ಲಿ
ನಾದಿನಿ ರೊವೀನಾಳ ಅಂಚೆಡಬ್ಬಿಯ ಮುಂದೂ ಹಾಯುತ್ತದೆ.
ನಡುವೆ ಒಂದೂವರೆ ಸಾವಿರ ಮೈಲಿ,
ಎರಡು ಸಲ ಮುಂದಿಡಬೇಕಾದ ಗಡಿಯಾರ,
ಮತ್ತೆ ಹತ್ತೊಂಬತ್ತು ವರ್ಷ.

ಅವರಮ್ಮ ಹೋದಾಗ ಮೇಜು ಅಕ್ಕನಿಗೆ ಬಂತು,
ನಡುವೆ ಸೇರಿಸುವ ಹಲಗೆ ತಂಗಿಗೆ.
ಯಾರೂ ಹಾಗೆಂದು ಹಂಚಿದ್ದಲ್ಲ.
ತಂಗಿ ಸಿಟ್ಟಲ್ಲಿ ಹೊರಟ ದಿನ
ಹಲಗೆ ಅವಳ ವ್ಯಾಗನ್ನಿನ ಹಿಂದಿತ್ತು, ಅಷ್ಟೆ.
ಈಗ ಅದರ ಮೇಲೆ ಟೊಮೆಟೊ ಸಸಿ ಬೆಳೆಸುತ್ತಾಳಂತೆ.
‘ಅಮ್ಮನ ಓಕ್ ಮರದ ಮೇಲೆ ಗೊಬ್ಬರ’ ಎಂದಳು ಐಡೆಲ್ಲ
ಫೋನಿಟ್ಟ ಮೇಲೆ, ನನಗೆ.

ನಾನು ಮೂವತ್ತೊಂದು ವರ್ಷ ಸ್ಕೂಲ್ ಬಸ್ಸು ಓಡಿಸಿದವನು.
ದಿನಕ್ಕೆ ನಲವತ್ತು ಮೈಲಿ, ಹೊರಟಲ್ಲಿಗೇ ವಾಪಸು.
ಕೂಡಿ ನೋಡಿದರೆ ಹೆಚ್ಚು ಕಡಿಮೆ ಚಂದ್ರನ ತನಕ ಹೋಗಿದ್ದೇನೆ,
ಕೌಂಟಿಯ ಗಡಿ ದಾಟದೆ.
ಅದಕ್ಕೇ ಪೆನ್ಸಿಲ್ ನನ್ನ ಕೈಯಲ್ಲಿ:
ಮೊದಲ ರಾತ್ರಿ ಬೋಮನ್, ಎರಡನೇದು ಅಬರ್ಡೀನ್,
ಶಿಕಾಗೋ ಬೇಡ, ಸುತ್ತಿ ಹೋಗೋಣ.
‘ಸುತ್ತಿದರೆ ಎಷ್ಟು ಹೆಚ್ಚಾಯಿತು?’
‘ಎಂಬತ್ತು.’
‘ಹೆದರಿಕೆಗೆ ಎಂಬತ್ತು ಮೈಲಿ!’
ಬರೆದುಕೋ: ಥರ್ಮಾಸ್, ಜ್ಯಾಕು, ಮಂಡಿಗೆ ಹಚ್ಚುವ ಮುಲಾಮು,
ನಾಯಿಯನ್ನು ಯಾರ ಮನೆಯಲ್ಲಿ.

ಅಷ್ಟರಲ್ಲಿ ಮತ್ತೆ ಫೋನು.
ಅಲ್ಲೂ ಒಂದು ಮ್ಯಾಪು ಬಿಚ್ಚಿದೆ.
‘ನೀವ್ಯಾಕೆ ಬರಬೇಕು, ನಾನೇ ಬರ್ತೀನಿ.’
‘ಬೇಡ, ದೊಡ್ಡವಳು ನಾನು.’
‘ಅದಕ್ಕೇ ಹೇಳಿದ್ದು, ಮುದುಕಿ.’
ಮೂರು ಸಂಜೆ ಇದೇ.
ಬಸ್ಸಿನ ಹಿಂದಿನ ಸೀಟಲ್ಲಿ ಇಂಥ ಹುಡುಗಿಯರನ್ನು
ನಾನು ಬೇರೆ ಬೇರೆ ಕೂರಿಸುತ್ತಿದ್ದೆ.

ನಾಲ್ಕನೇ ಸಂಜೆ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತೆಗೆದೆ.
ಈ ಬಾಗಿಲಿಂದ ಆ ಬಾಗಿಲವರೆಗೆ
ರಸ್ತೆ ಬಳುಕಿದಲ್ಲೆಲ್ಲ ಬಳುಕಿಸಿ ಇಟ್ಟೆ,
ತೆಗೆದು ಸಮ ಎರಡು ಮಡಿಕೆ ಮಾಡಿ ಮತ್ತೆ ಇಟ್ಟೆ.
ನಡುಭಾಗ ಬಂದು ಬಿದ್ದದ್ದು ಮ್ಯಾಪಿನ ಮಡಿಕೆಯ ಮೇಲೆ,
ವರ್ಷವರ್ಷ ಬಿಚ್ಚಿ, ಆಗಲ್ಲ ಬಿಡು ಎಂದು ಮಡಚಿ
ಕಾಗದ ಸವೆದು ತೂತಾದ ಜಾಗ.
ಅಲ್ಲಿ ಊರಿಲ್ಲ.
ತೂತಿನೊಳಗಿಂದ ಕಾಣುವುದು ಮೇಜಿನ ಮರ.

ರೊವೀನಾಳ ಮ್ಯಾಪು ಹೊಸದು, ಅವಳು ಓದಿ ಹೇಳಿದಳು:
ಆರ್ಟನ್‌ವಿಲ್. ಒಂದು ಕೆರೆ ಇದೆ, ಉದ್ದಕ್ಕೆ, ನೀಲಿ.
ಮೋಟೆಲಿಗೆ ಫೋನು ಮಾಡಿದೆ. ಹೆಂಗಸೊಬ್ಬಳು ಎತ್ತಿ,
ಐಸು ಇನ್ನೂ ಬಿಟ್ಟಿಲ್ಲ,
ಏಪ್ರಿಲ್ ಕೊನೆಗೆ ಬನ್ನಿ,
ಎಷ್ಟು ಜನ ಎಂದಳು.
ಮೂವರು, ಒಂದು ಮೇಜು ಎಂದೆ.
ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು
ಬರೆದುಕೊಂಡಳು.

ಕೆರೆಯ ದಡದಲ್ಲಿ ಜೋಡಿಸುವುದು,
ಒಂದು ಊಟ ಮಾಡುವುದು. ಅಲ್ಲಿಯ ತನಕ ಸರಿ.
ಆಮೇಲೆ ಮೇಜು ಯಾರ ಗಾಡಿ ಹತ್ತಬೇಕು?
ಅದು ಪಟ್ಟಿಯಲ್ಲಿಲ್ಲ. ಕೇಳಿದರೆ
ಐಡೆಲ್ಲಳಿಗೆ ಕಿವಿ ಸ್ವಲ್ಪ ಮಂದ.

ಈ ರಾತ್ರಿಯೇ ಕಾಲು ಬಿಚ್ಚಿಟ್ಟಿದ್ದಾಳೆ,
ಸ್ಕ್ರೂಗಳೆಲ್ಲ ಬೇಕಿಂಗ್ ಪೌಡರ್ ಡಬ್ಬಿಯಲ್ಲಿ.
ಹೊರಡಲು ಇನ್ನೂ ಐದು ವಾರವಿದೆ ಕಣೇ ಎಂದೆ.
ಗೊತ್ತು, ತಿನ್ನು ಎಂದಳು,
ತಟ್ಟೆಯನ್ನು ತೊಡೆಯ ಮೇಲಿಟ್ಟು.