ಅಳಲಿ ಬಿಡಿ

ಮೂಗು ಹಿಡಿದರೆ ಬಾಯಿ ತೆರೆದೀತು
ಅನ್ನುವುದು ದೊಡ್ಡವರ ಗಾದೆ.
ಹುಟ್ಟಿ ಹನ್ನೊಂದು ನಿಮಿಷದವಳಿಗೆ
ಯಾರು ಹೇಳಿಕೊಟ್ಟಿದ್ದಾರೆ ಗಾದೆ?
ಬಾಯಿಂದಲೂ ಉಸಿರಾಡಬಹುದು ಎಂಬುದು
ಕಲಿತು ಬರುವ ವಿದ್ಯೆ.

ಗೋರಿಪಾಳ್ಯದ ಹೆರಿಗೆ ಆಸ್ಪತ್ರೆ. ರಾತ್ರಿ ಎರಡೂವರೆ.
ಡಾಕ್ಟರು ಪಕ್ಕದ ಕೋಣೆಯಲ್ಲಿ, ಇನ್ನೊಬ್ಬಳ ರಕ್ತ ನಿಲ್ಲಿಸುತ್ತಿದ್ದರು.
ತಾಯಿ ಇನ್ನೂ ಹೊಲಿಗೆಯ ಮೇಜಿನ ಮೇಲೆ.
ವಾರ್ಮರಿನ ಕೆಳಗೆ ಈ ಹುಡುಗಿ, ಎದುರು ನಾನು,
ಬಾಗಿಲಲ್ಲಿ ಅಜ್ಜಿ ಹೊನ್ನೂರಮ್ಮ,
ಊದುಬತ್ತಿ ಹೊಸೆದೂ ಹೊಸೆದೂ
ಬೆರಳ ಗೆರೆಗಳಲ್ಲಿ ಇದ್ದಿಲು ಇಳಿದವಳು.

ಅತ್ತಳು: ಕೆಂಪು.
ಆಗಷ್ಟೆ ಕುಯ್ದ ಬೀಟ್‌ರೂಟಿನ ಕೆಂಪು.
ಸುಮ್ಮನಾದಳು.
ತುಟಿಯಂಚಿನಿಂದ ಶುರುವಾಗಿ, ಶಾಯಿ ಹೀರುವ ಕಾಗದದ ಹಾಗೆ,
ಮುಖವೆಲ್ಲ ನೀಲಿ.
ಪಕ್ಕೆ ಪಕ್ಕೆಯ ನಡುವೆ ಗುಳಿ ಬಿತ್ತು,
ಎದೆ ಒಳಕ್ಕೇ ಸೇದಿಕೊಳ್ಳುತ್ತಿತ್ತು,
ಬಾಯಿ ಮಾತ್ರ ಚಿಲಕ ಹಾಕಿದಂತೆ.
ಅಂಗಾಲಿಗೆ ಬೆರಳಲ್ಲಿ ಹೊಡೆದೆ.
ಅತ್ತಳು: ಕೆಂಪು.
ಮತ್ತೆ ಸುಮ್ಮನೆ. ಮತ್ತೆ ನೀಲಿ.

"ಅಳಸಬ್ಯಾಡವ್ವಾ ಕೂಸಿನ್ನ" ಎಂದು ಅಜ್ಜಿ
ಒಳಗೆ ಬಂದೇಬಿಟ್ಟಳು, ಜೋ ಎಂದು ರಾಗ ಎಳೆದಳು.
ಹಾಡಬೇಡಿ, ಅಂದೆ.
ಇಪ್ಪತ್ತಾರು ವರ್ಷದ ನೌಕರಿಯಲ್ಲಿ
ಜೋಗುಳ ನಿಲ್ಲಿಸಿದ್ದು ಅದೊಂದೇ ಸಲ.
ಹಾಡಿದರೆ ಮಲಗುತ್ತಾಳೆ, ಮಲಗಿದರೆ...
ವಾಕ್ಯ ಮುಗಿಸಲಿಲ್ಲ.

ಸ್ಟೀಲಿನ ಚಮಚ ಹಿಡಿದೆ ಮೂಗಿನ ಕೆಳಗೆ.
ಮಂಜು ಕಟ್ಟಲಿಲ್ಲ.
ಆರನೇ ನಂಬರಿನ ನಳಿಕೆ ಎಡ ಹೊಳ್ಳೆಯಲ್ಲಿ
ಎರಡು ಬೆರಳಗಲ ಹೋಗಿ ತಟ್ಟಿ ನಿಂತಿತು.
ಬಲ ಹೊಳ್ಳೆಯಲ್ಲೂ ಅಷ್ಟೇ.
ಸಂಪಿಗೆ ಎಸಳು ಮೂಗು ಅಂದಿದ್ದಳು ಆಯಾ, ಆಗಷ್ಟೆ ಒರೆಸುತ್ತ.
ಹೌದು.
ಗೋಡೆಯ ಮೇಲೆ ಬರೆದ ಬಾಗಿಲು.

ಟ್ರೇಯಲ್ಲಿ ಬಾಯಿಗಿಡುವ ಏರ್‌ವೇ ನಾಲ್ಕಿದ್ದವು,
ನಾಲ್ಕೂ ತಾಯಂದಿರ ಅಳತೆಯವು.
ಕೂಸಿನದು ಇಂಡೆಂಟಿನಲ್ಲಿತ್ತು.
ಯುಗಾದಿಯಿಂದಲೂ ಇಂಡೆಂಟಿನಲ್ಲೇ ಇತ್ತು.

ಹಾಲಿನ ಬಾಟಲಿಯ ರಬ್ಬರು ನಿಪ್ಪಲ್ ಕಿತ್ತು
ತುದಿ ಕತ್ತರಿಸಿದೆ.
ಕೈ ನಡುಗಲಿಲ್ಲ. ನಡುಗಿದ್ದು ಮಾರನೆಯ ದಿನ,
ಮನೆಯಲ್ಲಿ, ಹುರುಳಿಕಾಯಿ ಹೆಚ್ಚುವಾಗ.
ಬಾಯಲ್ಲಿಟ್ಟು, ಗಾಜ್ ಪಟ್ಟಿಯಿಂದ ಕಿವಿಯ ಹಿಂದಕ್ಕೆ ಕಟ್ಟಿದೆ.
ಮೊಲೆಯೆಂದೇ ತಿಳಿದು ಚೀಪಿದಳು.
ಬಂದದ್ದು ಗಾಳಿ.
ಅದನ್ನೇ ಕುಡಿದಳು.
ಕಾಲಿಗೆ ಸುತ್ತಿದ ಕೆಂಪು ದೀಪದ ಲೆಕ್ಕ
ಅರವತ್ತೆಂಟು ಇದ್ದದ್ದು ಎಂಬತ್ತಾಯಿತು, ತೊಂಬತ್ತೊಂದಾಯಿತು.
ಅಲ್ಲಿವರೆಗೆ ನಾನೂ ಉಸಿರು ಹಿಡಿದಿದ್ದೆನೆಂದು
ಬಿಟ್ಟಾಗ ಗೊತ್ತಾಯಿತು.

ರಸ್ತೆ ಖಾಲಿ ಇದೆಯಲ್ಲ ಸಿಸ್ಟರ್, ಸೈರನ್ ಬೇಕಾ, ಅಂದ ಇಲಿಯಾಸ್.
ಹಾಕು ಮಾರಾಯ. ಇವಳಿಗೆ ನಿದ್ದೆ ಬರದಿರಲಿ.

ಸಿರ್ಸಿ ಸರ್ಕಲ್ ದಾಟಿ ಮಾರ್ಕೆಟ್ಟಿನ ಮುಂದೆ
ಸುಗಂಧರಾಜದ ಮೂಟೆಗಳು ಇಳಿಯುತ್ತಿದ್ದವು.
ಕಿಟಕಿಯ ಸಂದಿಯಿಂದ ವಾಸನೆ ನುಗ್ಗಿತು.
ಅಜ್ಜಿ ಮೂಗರಳಿಸಿದಳು, ನಾನೂ.
ಅವಳು ರಬ್ಬರಿನ ತೂತಿನಲ್ಲಿ
ಬರಿ ಗಾಳಿ ಎಳೆದಳು, ಹೂವಿನ ಪಾಲು ಬಿಟ್ಟು.

ಇನ್ನು ಬೇಕಿಲ್ಲ ಅಂದರೂ ಕೇಳದೆ
ಹೊನ್ನೂರಮ್ಮ ಅಂಗಾಲು ಚಿವುಟುತ್ತಿದ್ದಳು,
ಕಡ್ಡಿ ಹೊಸೆಯುವ ಅದೇ ತೂಕದಲ್ಲಿ.
ಅಂಗಾಲಿನ ಮೇಲೆ ಇದ್ದಿಲಿನ ಚುಕ್ಕೆ.
"ಅಳವ್ವಾ, ಅಳು, ನಮ್ಮವ್ವಾ, ಅಳು"
ಎಂದು ಹಾಡುತ್ತಿದ್ದಳು,
ಜೋಗುಳದ ರಾಗದಲ್ಲೇ.

ದೊಡ್ಡಾಸ್ಪತ್ರೆಯವರು ಒಳಕ್ಕೆ ಒಯ್ದರು.
ನಾವಿಬ್ಬರೂ ಬೆಂಚಿನ ಮೇಲೆ ಕೂತು
ಗೋಡೆಯಾಚೆಯ ಅಳು ಕೇಳುತ್ತಿದ್ದೆವು,
ಎಂಥ ಒಳ್ಳೆಯ ಅಳು.
ಅದು ನಿಂತಿತು.
ಇಬ್ಬರೂ ಎದ್ದೆವು.

ಎಷ್ಟು ಹೊತ್ತೋ. ಎಳೆಯ ಡಾಕ್ಟರೊಬ್ಬ ಬಂದು
ಮಾಸ್ಕ್ ಇಳಿಸಿ, ನಕ್ಕು, ಹೇಳಿದ:
ನಿದ್ದೆ ಮಾಡ್ತಾ ಇದಾಳೆ.

ಅಜ್ಜಿ ನಗಲಿಲ್ಲ.
"ಯಾವ ಬಣ್ಣ ಐತ್ರಿ?" ಎಂದಳು.