ಗೇಟಿಗೆ ನಾಯಿ ಕಟ್ಟಿಹೋದವರಿಗೆ

ನಿಮ್ಮ ಚೀಟಿ ಸಿಕ್ಕಿತು.
ಕೊರಳಪಟ್ಟಿಗೆ ಸಿಕ್ಕಿಸಿದ್ದಿರಿ, ಔಷಧದಂಗಡಿಯ ರಸೀತಿಯ ಬೆನ್ನಲ್ಲಿ:
'ಇಲ್ಲಿ ಕೊಲ್ಲುವುದಿಲ್ಲವಂತೆ. ಹೆಸರು ಬ್ರಿಚೋಲಾ.
ಗುಡುಗಿಗೆ ಹೆದರುತ್ತಾಳೆ.'

ಹೌದು, ಕೊಲ್ಲುವುದಿಲ್ಲ.
ಲಿಕಾತಾ ಬಂದರಿನಾಚೆ, ಹಳೇ ಗಂಧಕದ ಗೋದಾಮು ಇದು.
ಗೋಡೆ ಕೆರೆದರೆ ಈಗಲೂ ಹಳದಿ ಉದುರುತ್ತದೆ;
ಬಿಳಿ ನಾಯಿಗಳ ಪಾದ ವಾರದೊಳಗೆ ಅರಿಸಿನ.
ಅರವತ್ತು ಗೂಡು. ನಿನ್ನೆಯ ಲೆಕ್ಕ ಇನ್ನೂರ ಹನ್ನೊಂದು.
ಇವತ್ತು ಹನ್ನೆರಡು.

ನಮ್ಮ ದಫ್ತರದಲ್ಲಿ ಹಿಂದೆ ಮೂರು ಕಾಲಮ್ಮು:
ಮನೆಗೆ ಹೋದದ್ದು, ತಾನಾಗಿ ಸತ್ತದ್ದು,
ಮತ್ತೆ ಇನ್ನೊಂದು.
ಕಾನೂನು ಬಂದ ವರ್ಷ ಡಾಕ್ಟರ್ ಕಲೋಜೆರೊ
ಮೈದಾ ಅಂಟು ತಾವೇ ಕಾಯಿಸಿ
ಆ ಇನ್ನೊಂದರ ಮೇಲೆ ಬಿಳಿ ಕಾಗದ ಹಚ್ಚಿದರು, ಪುಟಪುಟಕ್ಕೂ.
ಜನವರಿಯ ತೇವಕ್ಕೆ ಅಂಚು ಬಿಟ್ಟುಕೊಳ್ಳುತ್ತದೆ.
ನಾನು ಹೆಬ್ಬೆರಳಿಂದ ಒತ್ತಿ ಕೂರಿಸುತ್ತೇನೆ.

ಕೊಲ್ಲದಿರುವುದು ಒಂದೇ ಸಲದ ಕೆಲಸ ಅಂದುಕೊಂಡಿರಾ?
ಅದು ದಿನಾ ಐದೂವರೆಗೆ ಏಳುತ್ತದೆ,
ಪೈಪು ಹಿಡಿದು ಹೇಲು ತೊಳೆಯುತ್ತದೆ,
ಕಟುಕನ ಹತ್ತಿರ ಬೋಟಿ ಕಡ ಕೇಳುತ್ತದೆ,
ನಗರಸಭೆಯ ಮೆಟ್ಟಿಲ ಮೇಲೆ ಬಿಲ್ಲು ಹಿಡಿದು ಕೂರುತ್ತದೆ,
ಹಲ್ಲುದುರಿದವಕ್ಕೆ ರೊಟ್ಟಿ ನೆನೆಹಾಕುತ್ತದೆ,
ರಾತ್ರಿ, ದೀಪ ಆರಿಸಿದ ಕಾರೊಂದು
ನಿಂತು ಹೊರಟ ಸದ್ದಿಗೆ ಎಚ್ಚರಾಗುತ್ತದೆ.

ನಲವತ್ತೊಂದರಲ್ಲಿ ಒಬ್ಬನಿದ್ದಾನೆ, ವಕೀಲ ಅಂತ ಕರೆಯುತ್ತೇವೆ,
ಎಲ್ಲದಕ್ಕೂ ತಕರಾರು.
ಒಂಬತ್ತು ವರ್ಷ ಒಳಗೇ.
ಏಳು ಹೆಜ್ಜೆ, ತಿರುಗು. ಏಳು ಹೆಜ್ಜೆ, ತಿರುಗು.
ಭಾನುವಾರ ಸಮುದ್ರದ ಬಯಲಿಗೆ ಬಿಟ್ಟೆ.
ಅಷ್ಟು ದೊಡ್ಡ ಮರಳಿನಲ್ಲೂ
ಏಳಕ್ಕೆ ತಿರುಗಿದ.
ಇದನ್ನು ಯಾವ ಕಾಲಮ್ಮಿಗೆ ಬರೆಯಲಿ ಡಾಕ್ಟರೇ, ಅಂದೆ.
ಅವರು ಕನ್ನಡಕ ಒರೆಸಿದರು.
ಆಮೇಲೆ ಮತ್ತೊಮ್ಮೆ ಒರೆಸಿದರು.

ನಿಮ್ಮನ್ನು ಶಪಿಸಲೆಂದೇ ಈ ಕಾಗದ ಶುರುಮಾಡಿದ್ದು.
ರಸೀತಿ ಮಗುಚಿ ನೋಡಬಾರದಿತ್ತು:
ಎದೆಯ ಮಾತ್ರೆ, ಎರಡು ಪಟ್ಟಿ.
ದೊಡ್ಡವರ ಡೈಪರು, ಮೂರು ಕಟ್ಟು.
ಉಳಿದದ್ದು ಸಾಲ, ಪೆನ್ಸಿಲ್ಲಿನಲ್ಲಿ.

ನಿನ್ನೆ ಗುಡುಗಿತು. ನೀವು ಬರೆದದ್ದು ನಿಜ.
ನನ್ನ ಕೋಟಿನ ತೋಳೊಳಗೆ ಮೂತಿ ತೂರಿಸಿದಳು, ಮೊಣಕೈವರೆಗೂ.
ಕಚೇರಿಯ ನೆಲದ ಮೇಲೆ ಕೂತಿದ್ದೆವು, ಇಬ್ಬರೂ, ಬೆಳಗಾಗುವ ತನಕ.

ನೀವು ಬರೆಯದೆ ಬಿಟ್ಟದ್ದು ಬಹಳ ಇದೆ:
ಎಷ್ಟು ವಯಸ್ಸು, ಬಲಗಿವಿ ಹರಿದದ್ದು ಹೇಗೆ,
ಹಸಿರು ಬಕೆಟ್ಟು ಕಂಡರೆ ಯಾಕೆ ಅಷ್ಟು ಸಂತೋಷ.
ಒಮ್ಮೆ ಬಂದು ಹೇಳಿಹೋಗಿ, ಹಗಲಲ್ಲಿ.
ಬೈಯುವುದಿಲ್ಲ.

ಬೈಯುತ್ತೇನೆ, ಸ್ವಲ್ಪ.
ಇಂತಿ, ಅಸುಂತಾ, ಮೊದಲ ಪಾಳಿ.