ಮೂರೂವರೆಯ ಊಳು

ವರ್ಕೆತಿಲಿಯ ನಮ್ಮ ಕಟ್ಟಡದ ಲಿಫ್ಟು
ಹತ್ತು ತೆತ್ರಿ ನಾಣ್ಯ ನುಂಗದೆ ಮೇಲೇಳುವುದಿಲ್ಲ.
ಅದರ ಕನ್ನಡಿಗೆ ಅಂಟಿಸಿದ್ದೇವೆ ಅರ್ಜಿ:
"ಒಂಬತ್ತನೇ ಮಹಡಿಯ ಮುರ್ಮನಿಯ ನಾಯಿಯ ಕುರಿತು."
ಹದಿನಾಲ್ಕು ಸಹಿ. ಮೊದಲನೆಯದು ನನ್ನದು,
ಹಿಟ್ಟಿನ ಬೆರಳಚ್ಚಿನ ಸಮೇತ.

ನಾನು ರಾತ್ರಿಯವನು.
ತಿಬಿಲಿಸಿ ಮಗ್ಗುಲು ಬದಲಿಸುವ ಎರಡು ಗಂಟೆಗೆ
ಮಣ್ಣಿನ ಒಲೆಯ ಬಾಯೊಳಗೆ ಸೊಂಟದವರೆಗೆ ಬಗ್ಗಿ
ಕೆಂಪು ಗೋಡೆಗೆ ರೊಟ್ಟಿ ಬಡಿಯುವವನು.
ಮಧ್ಯಾಹ್ನ ಒಂದಕ್ಕೆ ಮನೆ, ಪರದೆ, ಹಾಸಿಗೆ.
ಮೂರೂವರೆಗೆ ಸರಿಯಾಗಿ, ತಲೆಯ ಮೇಲೆ,
ತೋಲಿಯಾ.

ಬೊಗಳುವುದಿಲ್ಲ; ಬೊಗಳಿದ್ದರೆ ಬೈಯಬಹುದಿತ್ತು.
ಊಳಿಡುತ್ತದೆ. ಹಗ್ಗ ಕಳಚಿದ ಕೊಡ
ತಳ ಮುಟ್ಟದೆ ಬಾವಿಯೊಳಗೆ ಇಳಿಯುತ್ತಲೇ ಇರುವ ಹಾಗೆ
ಹತ್ತು ನಿಮಿಷ, ಹದಿನೈದು ನಿಮಿಷ.
ಆಮೇಲೆ ಉಗುರುಗಳ ಟಕಟಕ, ಬಾಗಿಲಿಗೆ, ಕಿಟಕಿಗೆ,
ಮತ್ತೆ ಬಾಗಿಲಿಗೆ.

ತಾಳಿದವನು ಬಾಳಿಯಾನು.
ತಾಳಿದೆ; ನಿದ್ದೆ ಬಾಳಲಿಲ್ಲ.
ಪೊರಕೆಯ ಹಿಡಿಯಿಂದ ಸೂರು ಕುಟ್ಟಿದೆ.
ಕಿವಿಗೆ ಹಿಟ್ಟಿನ ಉಂಡೆ ತುರುಕಿದೆ, ಅದು ಅಲ್ಲೇ ಉಬ್ಬಿತು.
ಬಾಲ್ಕನಿಯಿಂದ ತೊಟ್ಟಿಕ್ಕುವುದು ಬೇರೆ:
ಒಗೆದು ಹರವಿದ ನನ್ನ ಬಿಳಿ ಅಂಗಿಯ ಬೆನ್ನಿಗೆ
ಹಳದಿ ಭೂಪಟ.
ಲಿಫ್ಟಿನ ಲೆಕ್ಕ ಬರೆಯುವ ಸಿಯುರಿ ಅಂದಳು:
"ಸಾಕ್ಷಿ ಬೇಕಪ್ಪಾ. ದಿನ, ಹೊತ್ತು, ಎಲ್ಲ."
ಹಿಟ್ಟಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟೆ.
ಜೂನ್: ಮೂರೂವರೆ. ಜುಲೈ: ಮೂರೂವರೆ.
ದ್ರಾಕ್ಷಿ ಕೊಯ್ಲಿನ ತಿಂಗಳು ಪೂರ್ತಿ: ಮೂರೂವರೆ.
ಅಕ್ಟೋಬರಿನ ಕೊನೆಯ ಭಾನುವಾರದಿಂದ
ನಾಲ್ಕೂವರೆ.

ನಮ್ಮೂರಲ್ಲಿ ಗಡಿಯಾರದ ಮುಳ್ಳನ್ನು ಯಾರೂ ತಿರುಗಿಸುವುದಿಲ್ಲ.
ಈ ನಾಯಿಗೆ ಯಾರು ಹೇಳಿಕೊಟ್ಟರು
ಒಂದು ತಾಸಿನ ವ್ಯತ್ಯಾಸ?

ಚಪ್ಪಲಿ ಮೆಟ್ಟಿ ಹೊರಟೆ. ಒಂದು ಮಹಡಿಗೆ ನಾಣ್ಯ ದಂಡ;
ಬೈಗುಳವನ್ನು ಮೆಟ್ಟಿಲು ಮೆಟ್ಟಿಲಿಗೂ ನಾದಿಕೊಂಡು ಹತ್ತಿದೆ.
ಬಾಗಿಲು ತೆರೆದೇ ಇತ್ತು.
ಅಡುಗೆಮನೆಯಲ್ಲಿ ಮುರ್ಮನಿ,
ಸಕ್ಕರೆ ಡಬ್ಬಿಗೆ ಒರಗಿಸಿದ ಫೋನು,
ಫೋನಿನೊಳಗೆ ಹೆಂಡತಿ ಎತೇರಿ.
ನೇಪಲ್ಸಿನಲ್ಲಿ, ಯಾರದೋ ತಾಯಿ ಮಲಗಿದ ಕೋಣೆಯ ಪಕ್ಕ,
ಪಿಸುದನಿಯಲ್ಲಿ.

ಮೇಜಿನ ಕೆಳಗೆ ತೋಲಿಯಾ. ಕಣ್ಣಲ್ಲಿ ಹಾಲಿನ ಕೆನೆ.
ಕಾಣುವುದಿಲ್ಲ ಅದಕ್ಕೆ. ಕೇಳುತ್ತದೆ.
ಅವಳ ದನಿ ಬಂದ ದಿಕ್ಕಿಗೆ ಮೂಗೆತ್ತಿ
ಅವಳನ್ನು ಹುಡುಕುತ್ತದೆ. ದನಿಯಿದೆ, ವಾಸನೆಯಿಲ್ಲ.
ಆಗ ಊಳಿಡುತ್ತದೆ.

"ನಾಲ್ಕು ವರ್ಷ," ಅಂದ ಮುರ್ಮನಿ,
ಯಾರ ಕಡೆಗೂ ನೋಡದೆ.

ನಾನು ನಾದಿ ತಂದದ್ದು ಹುಳಿಯಾಯಿತು.
ಆದರೂ ಕೇಳಿದೆ, ನಿದ್ದೆ ನನ್ನದಲ್ಲವೆ:
"ಎತೇರಿ, ರಾತ್ರಿ ಫೋನು ಮಾಡಬಾರದೆ?"
"ರಾತ್ರಿ ಮುದುಕಿ ಮಲಗುವುದಿಲ್ಲ ಝೌರಿ,
ಗೋಡೆಯ ಜೊತೆ ಜಗಳ ಆಡುತ್ತಾಳೆ.
ಊಟವಾದ ಮೇಲೆ ಒಂದಿಷ್ಟು ಕಣ್ಣು ಮುಚ್ಚುತ್ತಾಳೆ.
ಅಷ್ಟೇ ನನ್ನ ಹೊತ್ತು."

ಕಂಡರಿಯದ ಮುದುಕಿ ನೇಪಲ್ಸಿನಲ್ಲಿ ನಿದ್ದೆ ಹೋದರೆ
ವರ್ಕೆತಿಲಿಯಲ್ಲಿ ನನ್ನ ನಿದ್ದೆ ಹಾರಬೇಕು.
ಯಾವ ಅರ್ಜಿಯಲ್ಲಿ ಬರೆಯಲಿ ಇದನ್ನು, ಯಾರ ಹೆಸರಿಗೆ?

ಅಂಗಿಯ ವಿಷಯ ಎತ್ತಿದೆ. ಅದನ್ನಂತೂ ಬಿಡಲಿಲ್ಲ.
ಬಾಲ್ಕನಿಗೆ ಬೇಸಿನ್ ಇಡುತ್ತೇನೆ ಅಂದ ಮುರ್ಮನಿ.
ಇನ್ನೂ ಇಟ್ಟಿಲ್ಲ.

"ಕಂಕುಳಲ್ಲೇನು?" ಅಂದಳು ಎತೇರಿ.
ಕತ್ತಿಯಂತೆ ಬಾಗಿದ ರೊಟ್ಟಿ.
ಯಾರ ಮನೆಗೂ ಬರಿಗೈಲಿ ಹೋದವನಲ್ಲ ನಾನು,
ಜಗಳಕ್ಕೂ.
ಫೋನಿನ ಹತ್ತಿರ ಹಿಡಿ ಅಂದಳು. ಹಿಡಿದೆ.
ಮುರಿ ಅಂದಳು. ಮುರಿದೆ.
ಸದ್ದು ಕೇಳಿ ಸುಮ್ಮನಾದಳು.
ತೋಲಿಯಾನೂ ಸುಮ್ಮನಾಯಿತು, ಬಾಯಲ್ಲಿ ತುಂಡಿತ್ತು.

ಈಗ ಐದಕ್ಕೆ ಮಲಗುತ್ತೇನೆ. ಸಾಲದು.
ಒಲೆಯ ಮುಂದೆ ತೂಕಡಿಸಿ ಹುಬ್ಬು ಸುಟ್ಟುಕೊಂಡೆ ಒಮ್ಮೆ.
ಲಿಫ್ಟಿನಲ್ಲಿ ಒಬ್ಬನೇ ಇದ್ದಾಗ
ನನ್ನ ಸಹಿಯನ್ನು ಉಗುರಿನಿಂದ ಕೆರೆದು ನೋಡಿದೆ;
ಹಿಟ್ಟು ಬಂತು, ಶಾಯಿ ಬರಲಿಲ್ಲ.
ಐದನೇ ಮಹಡಿಯವರು ಮೊನ್ನೆ ಹದಿನೈದನೆಯದು ಹಾಕಿದ್ದಾರೆ.

ಮಾರ್ಚಿ ಕೊನೆಗೆ ಅಲ್ಲಿ ಮುಳ್ಳು ಮುಂದಕ್ಕೆ ತಿರುಗುತ್ತದಂತೆ.
ಮತ್ತೆ ಮೂರೂವರೆ.
ಬರೆದಿಟ್ಟುಕೊಂಡಿದ್ದೇನೆ,
ಹಿಟ್ಟಿನ ಲೆಕ್ಕದ ಹಿಂಬದಿಯಲ್ಲೇ.